ಗಾಜಿನ ಕೊಳದ ಪೂರ್ವವೃತ್ತಾಂತ

ದೇಶವಿಭಜನೆಯ ತರುವಾಯ ಪಶ್ಚಿಮ ಪಂಜಾಬಿನಿಂದ ಬಂದ ನಿರಾಶ್ರಿತರಿಗೆ ನೆಲೆಯಾಗಿ, ರಾಜೇಂದ್ರ ಪ್ರಸಾದರ ಹೆಸರನ್ನು ಹೊತ್ತ ದೆಹಲಿಯ ಓಲ್ಡ್ ರಾಜಿಂದರ್ ನಗರವು ಈಗ ನಾಗರಿಕ ಸೇವೆಯ ಪರೀಕ್ಷೆಗೆ ಓದುವ ತರುಣರ (ಅವರಲ್ಲಿ ನಮ್ಮ ಕನ್ನಡಿಗರೂ ಉಂಟು) ಬಾಡಿಗೆ ಕೋಣೆಗಳಿಂದ ಕಿಕ್ಕಿರಿದಿದೆ. ಅಂಥ ಕೋಣೆಯಲ್ಲಿ ಪುಸ್ತಕಗಳಿಗೆ ಸಂದು ಉಳಿದ ಮೇಜಿನ ಮೂಲೆಯಲ್ಲಿ ಗಾಜಿನ ತೊಟ್ಟಿಯೊಂದನ್ನಿರಿಸಿ, ಮಣ್ಣು ಹಾಸಿ, ಗಿಡ ನೆಟ್ಟು, ಯಂತ್ರದ ಸದ್ದಿಲ್ಲದೆ ನಾಲ್ಕು ಮೀನು ಸಾಕಬಯಸುವವನಿಗೆ, ಫಿಲ್ಟರಿಲ್ಲದೆ ಆಗದೆಂದು ಅಂಗಡಿಯವನು ಹೇಳುವುದು ಸಹಜವೇ. ಇತಿಹಾಸ ಮಾತ್ರ ಆತನ ಪಕ್ಷದಲ್ಲಿಲ್ಲ.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿಯೇ ತನ್ನ ‘ಮಾನಸೋಲ್ಲಾಸ’ದ ಮತ್ಸ್ಯವಿನೋದ ಪ್ರಕರಣದಲ್ಲಿ ಮೀನಿನ ಜಾತಿಗಳನ್ನೂ ಆಹಾರವನ್ನೂ ವಿವರಿಸಿದ್ದನು, ಆದರೆ ಅರಸನ ಲಕ್ಷ್ಯವೆಲ್ಲ ಗಾಳದ ಮೇಲೆ. ಕೆರೆಯನ್ನು ಗಾಜಿನೊಳಗೆ ಅಡಕಗೊಳಿಸಬೇಕಾದರೆ, ಉರಿದು ಕೆಟ್ಟ ಗಾಳಿಯನ್ನು ಪುದೀನ ಗಿಡವು ಸರಿಪಡಿಸುವುದೆಂದು 1771ರಲ್ಲಿ ಆಂಗ್ಲ ವಿಜ್ಞಾನಿ ಪ್ರೀಸ್ಟ್‌ಲಿಯೂ, ಬೆಳಕಿಲ್ಲದೆ ಆ ಕಾರ್ಯ ನಡೆಯದೆಂದು 1779ರಲ್ಲಿ ಡಚ್ ವಿಜ್ಞಾನಿ ಇಂಗೆನ್‌ಹೌಸನೂ ಕಂಡುಕೊಳ್ಳಬೇಕಿದ್ದಿತು.

ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ನನು 1849ರಲ್ಲಿ, 12 ಗ್ಯಾಲನ್, ಎಂದರೆ ಸುಮಾರು 54 ಲೀಟರು ಹಿಡಿಯುವ ಗಾಜಿನ ಪಾತ್ರೆಯಲ್ಲಿ ಮರಳು ಮಣ್ಣುಗಳನ್ನು ಹಾಸಿ, ವ್ಯಾಲಿಸ್ನೇರಿಯಾ ಎಂಬ ನೀಳ ಎಲೆಯ ಜಲಸಸ್ಯವನ್ನು ನೆಟ್ಟು, ಎರಡು ಗೋಲ್ಡ್ ಫಿಷ್‌ಗಳನ್ನು ಬಿಟ್ಟನು. ಗಿಡವು ಮೀನಿಗೆ ಪ್ರಾಣವಾಯುವನ್ನಿತ್ತಿತಾದರೂ, ಅದರ ಹಣ್ಣೆಲೆಗಳು ಕೊಳೆತು ನೀರು ಬಗ್ಗಡವಾಗಿ, ಗಾಜಿಗೆ ಪಾಚಿ ಕಟ್ಟತೊಡಗಿತು. ಇಲ್ಲಿಯೇ ಆತನ ಪ್ರತಿಭೆ ವ್ಯಕ್ತವಾಗುವುದು: ಪಾತ್ರೆಯನ್ನು ತೊಳೆಯಹೋಗದೆ, ಕೊಳದಲ್ಲಿ ಕೊಳೆತುದನ್ನು ತಿಂದು ತೀರಿಸುವವರಾರೆಂದು ಯೋಚಿಸಿ, ಕೆಲವು ನೀರುಬಸವನಹುಳುಗಳನ್ನು ತಂದುಬಿಟ್ಟನು. ಅವು ಕೊಳೆಯನ್ನು ಮೆದ್ದವು, ಅವುಗಳ ಮೊಟ್ಟೆಗಳನ್ನು ಮೀನು ತಿಂದಿತು, ನೀರು ತಿಳಿಯಾಯಿತು. 1850ರಲ್ಲಿ ಕೆಮಿಕಲ್ ಸೊಸೈಟಿಯ ಮುಂದೆ ಆತನು ಇದನ್ನು ನಿವೇದಿಸಿದನು. ಮೂರು ವರ್ಷಗಳಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮತ್ಸ್ಯಗೃಹವೇ ತೆರೆಯಿತು. 1854ರಲ್ಲಿ ನಿಸರ್ಗಶಾಸ್ತ್ರಜ್ಞ ಫಿಲಿಪ್ ಗಾಸನ ಗ್ರಂಥವು ‘ಅಕ್ವೇರಿಯಂ’ ಎಂಬ ಹೆಸರನ್ನು ಪ್ರಚುರಪಡಿಸಿತು.

ಪಂಪು, ಫಿಲ್ಟರುಗಳು ಮನೆಗಳಿಗೆ ಬಂದದ್ದು 20ನೆಯ ಶತಮಾನದಲ್ಲಿ. ನನ್ನ ಮಟ್ಟಿಗೆ ಅದು ಅವಶ್ಯಕತೆಗಿಂತ ಹೆಚ್ಚಾಗಿ ಆಸೆಯ ಕಥೆ: ನೀರು ತಾಳಬಲ್ಲುದಕ್ಕಿಂತ ಹೆಚ್ಚು ಮೀನು ಬೇಕೆನಿಸಿದಾಗ ಯಂತ್ರ ಬೇಕಾಯಿತು. 1999ರಲ್ಲಿ, ವಾರಿಂಗ್ಟನ್ನನ ಪ್ರಯೋಗದಿಂದ ಸರಿಯಾಗಿ ನೂರೈವತ್ತು ವರ್ಷಗಳ ಬಳಿಕ, ಡಯಾನಾ ವಾಲ್‌ಸ್ಟಾಡ್ ಎಂಬ ಅಮೆರಿಕದ ಲೇಖಕಿ ಜಲಸಸ್ಯಗಳ ತೊಟ್ಟಿಯನ್ನು ಕುರಿತ ತಮ್ಮ ಗ್ರಂಥದಲ್ಲಿ, ಮೀನಿನ ವಿಸರ್ಜನೆಯಿಂದುಂಟಾಗುವ ಅಮೋನಿಯವನ್ನು ಗಿಡಗಳು ತಾವೇ ಮೊದಲು ಹೀರಿಕೊಳ್ಳುವುವೆಂದು ನಿರೂಪಿಸಿ, ಹಳೆಯ ಮಣ್ಣಿನ ತೊಟ್ಟಿಗೆ ಮರಳಿ ಮರ್ಯಾದೆ ತಂದರು.

ದೆಹಲಿಯ ಕೊಳವೆಬಾವಿಯ ಗಡಸು ನೀರಿಗೆ ಹೆದರಬೇಕಾಗಿಲ್ಲ. ವ್ಯಾಲಿಸ್ನೇರಿಯಾವು ಆ ನೀರಿನ ಬೈಕಾರ್ಬೊನೇಟಿನಿಂದಲೇ ತನಗೆ ಬೇಕಾದ ಇಂಗಾಲವನ್ನು ಪಡೆಯಬಲ್ಲುದು, ಗಪ್ಪಿ ಮೀನಿಗೂ ಅದು ಒಗ್ಗುತ್ತದೆ. ಆದರೆ ಮೇ ತಿಂಗಳ ಬಿಸಿಲು ನೇರವಾಗಿ ಬೀಳುವ ಕಿಟಕಿಯಲ್ಲಿ ತೊಟ್ಟಿಯನ್ನಿಡಬೇಡಿರಿ. ಗಿಡ ಬೇರೂರುವ ಮುನ್ನ ಮೀನನ್ನು ಬಿಡಬೇಡಿರಿ. ವಾರಿಂಗ್ಟನ್ನನನ್ನು ಉಳಿದೆಲ್ಲದರಲ್ಲಿ ಅನುಸರಿಸಿದರೂ ಗೋಲ್ಡ್ ಫಿಷ್ ಮಾತ್ರ ಬೇಡ; ಗೇಣುದ್ದಕ್ಕೂ ಮೀರಿ ಬೆಳೆಯಬಲ್ಲ ಆ ಪ್ರಾಣಿಗೆ ಮೇಜಿನ ತೊಟ್ಟಿ ಸಾಲದು.