ಪ್ರೀಲೋಡ್ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತಾ?
ಲಡಾಖ್‌ಗೆ ಡಬಲ್ಸ್ ಹೊರಟ ಗೆಳೆಯರು ‘ಹಿಂದುಗಡೆ ಮೆತ್ತಗಿದೆ, ಪ್ರೀಲೋಡ್ ಬಿಗಿ ಮಾಡಿಸ್ತೀನಿ’ ಅಂದಾಗ ನಾನು 1678ರ ಕಥೆ ತೆಗೀತೀನಿ. 1676ರಲ್ಲಿ ಅಕ್ಷರ ಕಲಸಿ ಬಚ್ಚಿಟ್ಟಿದ್ದ ಗುಟ್ಟನ್ನು ಲಂಡನ್ನಿನ ರಾಬರ್ಟ್ ಹುಕ್ ಆ ವರ್ಷ ಬಿಚ್ಚಿಟ್ಟ: ಭಾರ ಎರಡು ಪಟ್ಟಾದರೆ ಸ್ಪ್ರಿಂಗ್ ಕುಗ್ಗೋದೂ ಎರಡು ಪಟ್ಟು. ಪ್ರೀಲೋಡ್ ಬಿಗಿದರೆ ಸೀಟು ಮೇಲೇಳುತ್ತೆ ಅಷ್ಟೇ, ಗಡಸುತನ ಬದಲಾಗಲ್ಲ.

ಮೊದಲು ಈ ಭಾರ ಎರಡು ಸ್ಪ್ರಿಂಗಿಗೆ ಹಂಚಿಹೋಗ್ತಿತ್ತು. ಬೆಲ್ಜಿಯಂನ ಲೂಸಿಯನ್ ಟಿಲ್ಕೆನ್ಸ್ ಕಲ್ಪಿಸಿದ ಒಂಟಿ ಶಾಕ್ ಹಾಕಿಕೊಂಡು ಯಮಹಾ 1973ರಲ್ಲಿ 250 ಸಿಸಿ ಮೋಟೋಕ್ರಾಸ್ ವಿಶ್ವಪಟ್ಟ ಗೆದ್ದಿತು. 1980ರ ಬಿಎಂಡಬ್ಲ್ಯೂ ಆರ್80 ಜಿ/ಎಸ್‌ಗೂ ಒಂದೇ ಶಾಕ್. ಅಂದರೆ ನೀವು, ಹಿಂದೆ ಕೂತವರು, ಲಗೇಜು, ಎಲ್ಲ ಆ ಒಂದರ ಮೇಲೇ!

ಹಿಮಾಲಯನ್ 411ರಲ್ಲಿ ಹಿಂದಿನ ಚಕ್ರದ ಓಡಾಟ 180 ಮಿ.ಮೀ. ಪೂರ್ತಿ ಲೋಡಿಗೆ ಸುಮಾರು 55 ಇಳಿಯೋ ಹಾಗೆ ಬಿಗಿ ಮಾಡಿ. ಆಮೇಲೆ ಎಲ್ಲ ಇಳಿಸಿ ನೋಡಿ. ಖಾಲಿ ಗಾಡಿ ತನ್ನ ಭಾರಕ್ಕೆ ಒಂಚೂರೂ ಕೂರದಿದ್ದರೆ, ವಿಚಿತ್ರ ಅನಿಸಿದರೂ, ನಿಮ್ಮ ಸ್ಪ್ರಿಂಗ್ ಮೆತ್ತಗಾಯ್ತು. ಗಡಸಾದದ್ದನ್ನೇ ತನ್ನಿ.