ಅಮೆರಿಕದ ವಿದ್ಯಾರ್ಥಿ ವೀಸಾ ನಡೆದು ಬಂದ ದಾರಿ

ಓದಲು ಬರುವ ಪರದೇಶದವರಿಗೆಂದು ಅಮೆರಿಕ ವೀಸಾದಲ್ಲಿ ಬೇರೆಯದೇ ವರ್ಗ ಮಾಡಿದ್ದು 1920ರ ದಶಕದಲ್ಲಿ. ಮೊದಲ ಮಹಾಯುದ್ಧಕ್ಕೂ ಮುನ್ನ ಹಡಗಿನ ಖರ್ಚು ಹೊಂದಿಸಿಕೊಂಡು ಹೊರಟವರು ಬಂದರಿನಲ್ಲಿ ವಲಸೆ ಅಧಿಕಾರಿಗಳ ತಪಾಸಣೆ ಮುಗಿಸಿ ಒಳಗೆ ಹೋಗುತ್ತಿದ್ದರು. ಬಿ.ಆರ್. ಅಂಬೇಡ್ಕರ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಲು 1913ರ ಜುಲೈನಲ್ಲಿ ನ್ಯೂಯಾರ್ಕ್ ತಲುಪಿದ್ದು ಹೀಗೆಯೇ. ಅವರ ಓದಿಗೆ ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರು ವಿದ್ಯಾರ್ಥಿವೇತನ ಕೊಟ್ಟಿದ್ದರು. ಮರಳಿದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡುವುದಾಗಿ ಅಂಬೇಡ್ಕರ್ ಕರಾರಿಗೆ ಸಹಿ ಹಾಕಿದ್ದರು. ಹಿಂತಿರುಗುವ ಮಾತನ್ನು ಅವರು ಕೊಟ್ಟಿದ್ದು ಕಳಿಸಿದ ದೊರೆಗೆ, ಬರಮಾಡಿಕೊಂಡ ದೇಶಕ್ಕಲ್ಲ. ಮುಂದಿನ ನಾಲ್ಕು ದಶಕಗಳಲ್ಲಿ ಈ ಲೆಕ್ಕ ತಲೆಕೆಳಗಾಯಿತು.

ಮೊದಲ ಮಹಾಯುದ್ಧದ ಕಾಲದಲ್ಲಿ ಪಾಸ್‌ಪೋರ್ಟು, ವೀಸಾಗಳು ಕಡ್ಡಾಯವಾದವು. ಯುದ್ಧ ಮುಗಿದರೂ ಅವು ಹೋಗಲಿಲ್ಲ. 1917ರ ವಲಸೆ ಕಾಯ್ದೆ ಏಷ್ಯಾದ ಬಹುಭಾಗವನ್ನು ನಿಷೇಧಿತ ವಲಯವೆಂದು ಸಾರಿತು. ಭಾರತವೂ ಅದರೊಳಗೆ ಬಂತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಭಾರತೀಯರು ಅಮೆರಿಕದ ಪೌರತ್ವಕ್ಕೆ ಅರ್ಹರಲ್ಲ ಎಂದಿತು. ಪೌರತ್ವಕ್ಕೆ ಅನರ್ಹರಾದವರು ವಲಸೆ ಬರುವಂತಿಲ್ಲ ಎಂದು ಮರುವರ್ಷದ ಕಾಯ್ದೆ ಹೇಳಿತು. ಹೀಗೆ ಮುಚ್ಚಿದ ಗೋಡೆಯಲ್ಲಿ ಉಳಿದ ಕೆಲವೇ ಕಿಂಡಿಗಳಲ್ಲಿ ಒಂದು ವಿದ್ಯಾರ್ಥಿಗಳದು. ಅದು ತಾನಾಗಿ ಉಳಿದದ್ದೂ ಅಲ್ಲ. 1919ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ಇನ್‌ಸ್ಟಿಟ್ಯೂಟ್ ಆಫ್ ಇಂಟರ್‌ನ್ಯಾಷನಲ್ ಎಜುಕೇಷನ್ ಸಂಸ್ಥೆಯ ಸ್ಟೀಫನ್ ಡಗ್ಗನ್, ವಿದ್ಯಾರ್ಥಿಗಳನ್ನು ವಲಸೆಯ ರಾಷ್ಟ್ರವಾರು ಕೋಟಾದಿಂದ ಹೊರಗಿಡಬೇಕೆಂದು ಸರ್ಕಾರದ ಬೆನ್ನು ಹತ್ತಿದ್ದರು.

1924ರ ಕಾಯ್ದೆ ವಿದ್ಯಾರ್ಥಿಗೆ ಕನಿಷ್ಠ ಹದಿನೈದು ವರ್ಷ ಆಗಿರಬೇಕೆಂದಿತು. ಓದಿಗಾಗಿಯಷ್ಟೇ ಬರಬೇಕು, ಸರ್ಕಾರ ಒಪ್ಪಿದ ಸಂಸ್ಥೆಗೇ ಸೇರಬೇಕು. ಜೊತೆಗೆ ಇನ್ನೊಂದು ಷರತ್ತು ಇತ್ತು: ಪರದೇಶದ ವಿದ್ಯಾರ್ಥಿ ಓದು ಬಿಟ್ಟರೆ ಅದನ್ನು ಸರ್ಕಾರಕ್ಕೆ ತಿಳಿಸುವುದಾಗಿ ಶಿಕ್ಷಣ ಸಂಸ್ಥೆಯೇ ಒಪ್ಪಿಕೊಂಡಿರಬೇಕು. ಇಡೀ ಚರಿತ್ರೆಯಲ್ಲಿ ಹೆಚ್ಚು ಗಮನಿಸಬೇಕಾದದ್ದು ಈ ಷರತ್ತು. ಪಾಠ ಹೇಳುವವರ ಮೇಲೆ ಕಾವಲಿನ ಹೊಣೆಯೂ ಬಿದ್ದದ್ದು ಇಲ್ಲಿಂದ.

ಈಗಿನ ಎಫ್-1 ವರ್ಗ ಬಂದದ್ದು 1952ರ ಕಾಯ್ದೆಯಿಂದ. ವಿದ್ಯಾರ್ಥಿಗೆ ತನ್ನ ದೇಶದಲ್ಲಿ ಮನೆಯಿರಬೇಕು, ಅದನ್ನು ತೊರೆಯುವ ಉದ್ದೇಶ ಇರಕೂಡದು ಎಂದು ಅದು ವಿಧಿಸಿತು. ಅದೇ ಕಾಯ್ದೆಯ 214(ಬಿ) ಕಲಮು ಇನ್ನೂ ಮುಂದೆ ಹೋಗಿ, ಅರ್ಜಿದಾರನನ್ನು ಮೊದಲು ವಲಸಿಗನೆಂದೇ ಭಾವಿಸತಕ್ಕದ್ದು, ಅಲ್ಲವೆಂದು ರುಜುವಾತು ಮಾಡುವ ಹೊಣೆ ಆತನದೇ ಎಂದಿತು. ಅಂಕಪಟ್ಟಿ ಎಷ್ಟೇ ಚೆನ್ನಾಗಿದ್ದರೂ ಮನಸ್ಸಿನಲ್ಲಿರುವ ಉದ್ದೇಶವನ್ನು ಕೆಲವೇ ನಿಮಿಷಗಳ ಸಂದರ್ಶನದಲ್ಲಿ ತೋರಿಸಬೇಕು. ನಿರಾಕರಿಸಿದರೆ ಮೇಲ್ಮನವಿ ಇಲ್ಲ. ಮತ್ತೆ ಶುಲ್ಕ ಕಟ್ಟಿ ಹೊಸ ಅರ್ಜಿ ಹಾಕಬಹುದು, ಅಷ್ಟೆ. ಇಪ್ಪತ್ತು ದಾಟಿದ ಹುಡುಗ ಹುಡುಗಿಯರಿಗೆ ಇದು ಕಠಿಣವಾದ ಪರೀಕ್ಷೆ. ಏಕೆಂದರೆ ಅವರು ಏನು ಕಲಿತಿದ್ದಾರೆ ಎಂಬುದು ಇಲ್ಲಿ ಮುಖ್ಯ ಪ್ರಶ್ನೆಯೇ ಅಲ್ಲ.

ಭಾರತದ ಕಡೆಯಿಂದಲೂ ತಡೆಗಳಿದ್ದವು. ವಿದೇಶಿ ವಿನಿಮಯದ ಕೊರತೆಯಿದ್ದ ದಶಕಗಳಲ್ಲಿ ಪ್ರಯಾಣಕ್ಕೆ ಮೊದಲು ರಿಸರ್ವ್ ಬ್ಯಾಂಕಿನ 'ಪಿ' ಫಾರಂ ಆಗಬೇಕಿತ್ತು. ಜೇಬಿನಲ್ಲಿ ಎಂಟು ಡಾಲರ್ ಇಟ್ಟುಕೊಂಡು ವಿಮಾನ ಹತ್ತಿದ ಮಾತು ಆ ಪೀಳಿಗೆಯ ಎಂಜಿನಿಯರುಗಳ ನೆನಪುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ವಿಶ್ವವಿದ್ಯಾಲಯ ಕೊಡುವ ಅಸಿಸ್ಟೆಂಟ್‌ಶಿಪ್ ಇಲ್ಲದಿದ್ದರೆ ಮಧ್ಯಮ ವರ್ಗದವರಿಗೆ ಅಮೆರಿಕ ದೂರದ ಮಾತಾಗಿತ್ತು. ಅಮೆರಿಕದ 1965ರ ವಲಸೆ ಕಾಯ್ದೆ ಆ ರಾಷ್ಟ್ರವಾರು ಕೋಟಾ ತೆಗೆದುಹಾಕಿತು. ಓದಲು ಹೋದ ಅನೇಕರು ಅಲ್ಲೇ ಕೆಲಸ ಹಿಡಿದು ನೆಲೆಸಿದರು. ಮರಳುತ್ತೇನೆಂದು ವೀಸಾ ಪಡೆಯುವುದು, ಓದಿದ ಮೇಲೆ ಉಳಿಯುವ ದಾರಿಯನ್ನು ಕಾನೂನೇ ತೋರುವುದು, ಎರಡೂ ಅಂದಿನಿಂದ ಜೊತೆಯಾಗಿಯೇ ನಡೆದಿವೆ.

1993ರಲ್ಲಿ ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನಲ್ಲಿ ಬಾಂಬ್ ಸಿಡಿಸಿದವರಲ್ಲಿ ಒಬ್ಬ ವಿದ್ಯಾರ್ಥಿ ವೀಸಾದಲ್ಲಿ ಬಂದವನು. ಪರದೇಶದ ವಿದ್ಯಾರ್ಥಿಗಳ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಕಲೆಹಾಕಬೇಕೆಂದು 1996ರ ಕಾಯ್ದೆ ಹೇಳಿತಾದರೂ ಕೆಲಸ ಕುಂಟುತ್ತಿತ್ತು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅದು ವೇಗ ಪಡೆದು, 2003ರಲ್ಲಿ ಸೆವಿಸ್ ವ್ಯವಸ್ಥೆ ಜಾರಿಗೆ ಬಂತು. ಐ-20 ಎಂಬ ಪ್ರವೇಶ ಪತ್ರ, ವಿಳಾಸ, ಸೇರಿದ ಕೋರ್ಸು, ಬಿಟ್ಟ ಕೋರ್ಸು ಎಲ್ಲವನ್ನೂ ವಿಶ್ವವಿದ್ಯಾಲಯ ಅದರಲ್ಲಿ ದಾಖಲಿಸಬೇಕು. 1924ರ ವರದಿಯ ಷರತ್ತು ಈಗ ಪ್ರತಿ ವಿದ್ಯಾರ್ಥಿಯ ದಿನನಿತ್ಯದ ಓದಿನವರೆಗೂ ಚಾಚಿತು. ಈ ವ್ಯವಸ್ಥೆಯ ಶುಲ್ಕವನ್ನೂ ಅರ್ಜಿದಾರರೇ ಕಟ್ಟುತ್ತಾರೆ.

ಕರ್ನಾಟಕದ ವಿದ್ಯಾರ್ಥಿಗಳು ದಶಕಗಳ ಕಾಲ ವೀಸಾ 'ಸ್ಟ್ಯಾಂಪಿಂಗ್'ಗಾಗಿ ಚೆನ್ನೈನ ಜೆಮಿನಿ ವೃತ್ತದ ಬಳಿಯ ಕಾನ್ಸುಲೇಟಿಗೆ ರಾತ್ರಿ ಬಸ್ಸು, ರೈಲು ಹಿಡಿದು ಹೋದರು. ಆಮೇಲೆ ಹೈದರಾಬಾದಿನಲ್ಲೂ ಕಚೇರಿ ತೆರೆಯಿತು. ಆ ನಗರದ ಹೊರವಲಯದ ಚಿಲ್ಕೂರು ಬಾಲಾಜಿಗೆ 'ವೀಸಾ ಬಾಲಾಜಿ' ಎಂದೇ ಹೆಸರು; ಹರಕೆಗೆ 11 ಪ್ರದಕ್ಷಿಣೆ, ವೀಸಾ ಸಿಕ್ಕಮೇಲೆ 108. 2023–24ರಲ್ಲಿ 3,31,602 ಭಾರತೀಯರು ಅಮೆರಿಕದಲ್ಲಿ ಓದುತ್ತಿದ್ದು, ಚೀನಾವನ್ನು ಹಿಂದಿಕ್ಕಿದ್ದರು. 2025ರ ಜನವರಿ 17ರಂದು ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತು, ಆದರೆ ವೀಸಾ ಸೇವೆ ಅಂದೇ ಶುರುವಾಗಲಿಲ್ಲ. ಅದೇ ವರ್ಷದ ಮೇ ಕೊನೆಯ ವಾರ ಹೊಸ ವಿದ್ಯಾರ್ಥಿ ಸಂದರ್ಶನಗಳ ನಿಗದಿಯನ್ನು ಅಮೆರಿಕ ಎಲ್ಲೆಡೆ ನಿಲ್ಲಿಸಿತು. ಜೂನ್‌ನಲ್ಲಿ ಅವು ಮತ್ತೆ ಆರಂಭವಾದಾಗ, ಅರ್ಜಿದಾರರು ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಅಧಿಕಾರಿಗಳ ಪರಿಶೀಲನೆಗೆ ಸಾರ್ವಜನಿಕವಾಗಿ ತೆರೆದಿಡಬೇಕೆಂಬ ನಿಯಮ ಸೇರಿಕೊಂಡಿತ್ತು.