ಹೆಸರು ಹೇಳದ ದೊರೆ, ಮಸ್ಕಿಯ ಬಂಡೆ

ಕರ್ನಾಟಕದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆಲ್ಲ ಬಾಯಿಪಾಠವಾಗಿರುವ ಪ್ರಶ್ನೆಯೊಂದಿದೆ: ಅಶೋಕನ ಹೆಸರನ್ನು ನೇರವಾಗಿ ಹೇಳಿದ ಮೊದಲ ಶಾಸನ ಯಾವುದು? ಉತ್ತರ, ಮಸ್ಕಿ. ಉತ್ತರವೇನೋ ಸರಿ. ಆದರೆ ಅದನ್ನು ಉರು ಹೊಡೆದವರ ಮನಸ್ಸಿನಲ್ಲಿ ಸಣ್ಣ ಕಥೆಯೊಂದು ತಾನಾಗಿ ಬೆಳೆದುಬಿಡುತ್ತದೆ: 1915ರವರೆಗೂ ಬಂಡೆಗಳ ಮೇಲಿನ ‘ದೇವಾನಾಂಪ್ರಿಯ ಪ್ರಿಯದರ್ಶಿ’ ಯಾರೆಂದು ಯಾರಿಗೂ ತಿಳಿದಿರಲಿಲ್ಲ, ರಾಯಚೂರು ಸೀಮೆಯ ಒಂದು ಬಂಡೆ ಬಾಯಿಬಿಟ್ಟ ದಿನ ಗುಟ್ಟು ರಟ್ಟಾಯಿತು ಎಂದು. ನಡೆದದ್ದು ಹಾಗಲ್ಲ. ವಿನ್ಸೆಂಟ್ ಸ್ಮಿತ್ ಅಶೋಕನ ಕುರಿತು ಇಡೀ ಪುಸ್ತಕವನ್ನೇ 1901ರಲ್ಲಿ ಪ್ರಕಟಿಸಿದ್ದ. ಮಸ್ಕಿಯ ಬಂಡೆ ಕಣ್ಣಿಗೆ ಬೀಳಲು ಆಗಿನ್ನೂ ಹದಿನಾಲ್ಕು ವರ್ಷ ಬಾಕಿಯಿತ್ತು. ಪ್ರಿಯದರ್ಶಿಯೇ ಅಶೋಕ ಎಂಬ ಊಹೆ 1837ರಷ್ಟು ಹಳೆಯದು. ಹೆಸರೇ ಇಲ್ಲದ ಬರಹಗಳಿಂದ ಒಬ್ಬ ವ್ಯಕ್ತಿಯನ್ನು ಬರಿಯ ಸುಳಿವುಗಳ ಮೇಲೆ ಗುರುತಿಸಿದ ಈ ಪ್ರಸಂಗದಲ್ಲಿ ಯಾವ ಸುಳಿವು ನಿಜಕ್ಕೂ ಕೆಲಸ ಮಾಡಿತು, ಯಾವುದು ಮಾಡಿದಂತೆ ತೋರಿತು ಎಂಬುದೇ ಕೇಳಬೇಕಾದ ಪ್ರಶ್ನೆ. ಬದುಕಿನ ವಿವರಗಳು ಒಂದಕ್ಕೊಂದು ತಾಳೆಯಾದದ್ದರಿಂದ ಅಶೋಕ ಸಿಕ್ಕ ಎಂದು ನಾವು ನಂಬಿದ್ದೇವೆ. ನನ್ನ ವಾದ ಬೇರೆ: ಬದುಕಿನ ವಿವರಗಳು ಬಹುಮಟ್ಟಿಗೆ ತಾಳೆಯಾಗಲೇ ಇಲ್ಲ. ಊಹೆಯನ್ನು ಎತ್ತಿಹಿಡಿದದ್ದು ಅಶೋಕನ ಕಥೆ ಹೇಳುವ ಉದ್ದೇಶವೇ ಇಲ್ಲದ ಸಾಕ್ಷಿಗಳು.

ಊಹೆಯ ಆಟ ಆ ಬರಹಗಳನ್ನು ಓದಲು ಬರುವುದಕ್ಕಿಂತ ಬಹಳ ಹಿಂದೆಯೇ ಶುರುವಾಗಿತ್ತು. ಹದಿನಾಲ್ಕನೇ ಶತಮಾನದಲ್ಲಿ ಫಿರೋಜ್ ಷಾ ತುಘಲಕ್ ತೋಪ್ರಾ ಮತ್ತು ಮೀರತ್‌ನಿಂದ ಎರಡು ಕಂಬಗಳನ್ನು ದೆಹಲಿಗೆ ಹೊರಿಸಿ ತಂದಾಗ ಅವುಗಳ ಮೇಲಿನ ಅಕ್ಷರ ಓದಬಲ್ಲವರು ಯಾರೂ ಉಳಿದಿರಲಿಲ್ಲ. ಜನ ಅಂಥ ಕಂಬಗಳನ್ನು ಭೀಮನ ದೊಣ್ಣೆ ಎಂದರು. ಹದಿನೇಳನೇ ಶತಮಾನದ ಆರಂಭದಲ್ಲಿ ಬಂದ ಇಂಗ್ಲಿಷ್ ಪ್ರವಾಸಿ ಟಾಮ್ ಕೊರಿಯಟ್, ದೆಹಲಿಯ ಕಂಬ ಪೋರಸನನ್ನು ಗೆದ್ದ ಅಲೆಕ್ಸಾಂಡರ್ ನೆಡಿಸಿದ್ದು ಎಂದು ತೀರ್ಮಾನಿಸಿಬಿಟ್ಟ. ನಗುವುದು ಸುಲಭ. ಆದರೆ ದೊಡ್ಡ ವಸ್ತು ಕಂಡಾಗ ತನಗೆ ಗೊತ್ತಿರುವ ದೊಡ್ಡ ಹೆಸರನ್ನೇ ಅದಕ್ಕೆ ಅಂಟಿಸುವ ಚಪಲ ಆಮೇಲೆ ಬಂದ ವಿದ್ವಾಂಸರನ್ನೂ ಬಿಟ್ಟಿಲ್ಲ.

ಕಲ್ಕತ್ತೆಯ ಟಂಕಸಾಲೆಯಲ್ಲಿ ಲೋಹ ಪರೀಕ್ಷಕನಾಗಿದ್ದ ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿ ಲಿಪಿಯನ್ನು ಬಿಡಿಸಿದ. ಓದಿದ ಕೂಡಲೇ ಎದುರಾದದ್ದು ಒಂದು ವಿಚಿತ್ರ: ದೆಹಲಿ, ಒಡಿಶಾದ ಧೌಲಿ, ಗುಜರಾತಿನ ಗಿರ್ನಾರ್, ಎಲ್ಲೆಡೆ ಒಬ್ಬನೇ ದೊರೆ ಮಾತಾಡುತ್ತಿದ್ದಾನೆ, ಎಲ್ಲಿಯೂ ತನ್ನ ಹೆಸರು ಹೇಳುತ್ತಿಲ್ಲ. ದೇವರುಗಳಿಗೆ ಪ್ರಿಯನಾದವನು, ಪ್ರೀತಿಯಿಂದ ಕಾಣುವವನು ಎಂಬ ಎರಡು ಬಿರುದುಗಳಷ್ಟೇ. ನಮ್ಮ ವಚನಕಾರರ ಅಂಕಿತದಂತೆ ಇವು ಅವನೊಬ್ಬನದೇ ಮುದ್ರೆಯಾಗಿದ್ದರೆ ಕೆಲಸ ಹಗುರವಾಗುತ್ತಿತ್ತು. ಆದರೆ ಇವು ಪರರೂ ತೊಡಬಹುದಾದ ಅಂಗಿಗಳು. ಪ್ರಿನ್ಸೆಪ್ ಮೊದಲು ಬೆರಳು ತೋರಿಸಿದ್ದು ಲಂಕೆಯ ದೇವಾನಂಪಿಯ ತಿಸ್ಸನ ಕಡೆಗೆ, ಏಕೆಂದರೆ ಆ ಬಿರುದು ಹೊತ್ತ ದೊರೆ ಎಂದು ಅವನಿಗೆ ಗೊತ್ತಿದ್ದವನು ಅವನೊಬ್ಬನೇ. ಲಂಕೆಯ ಅರಸ ದೆಹಲಿಯಲ್ಲೂ ಗಿರ್ನಾರಿನಲ್ಲೂ ಯಾಕೆ ಆಜ್ಞೆ ಹೊರಡಿಸುತ್ತಾನೆ ಎಂಬ ಪ್ರಶ್ನೆ ಹಾಗೇ ನಿಂತಿತು. ಅದೇ ವರ್ಷ, ಲಂಕೆಯ ಸರ್ಕಾರಿ ಸೇವೆಯಲ್ಲಿದ್ದ ಜಾರ್ಜ್ ಟರ್ನರ್ ಪಾಲಿ ಭಾಷೆಯ ದೀಪವಂಶದಲ್ಲಿ ಉತ್ತರ ಕಂಡ: ಬುದ್ಧನ ನಿರ್ವಾಣವಾಗಿ 218 ವರ್ಷಕ್ಕೆ ಪಟ್ಟಕ್ಕೆ ಬಂದ ಪಿಯದಸ್ಸನ ಎಂಬವನು ಚಂದ್ರಗುಪ್ತನ ಮೊಮ್ಮಗ, ಬಿಂದುಸಾರನ ಮಗ, ಅಂದರೆ ಅಶೋಕ. ತಿಸ್ಸ ಇದೇ ಅಶೋಕನ ಸಮಕಾಲೀನ, ಗೆಳೆಯ ಎನ್ನುತ್ತದೆ ಲಂಕೆಯ ಸಂಪ್ರದಾಯ. ಪ್ರಿನ್ಸೆಪ್ ತಟ್ಟಿದ್ದು ಪಕ್ಕದ ಮನೆಯ ಬಾಗಿಲನ್ನು.

ಕಥೆ ಇಲ್ಲಿಗೇ ಮುಗಿಯಬಹುದಿತ್ತಲ್ಲ ಎನಿಸುತ್ತದೆ. ಆದರೆ ದೀಪವಂಶದ ಸಾಕ್ಷಿ ಎಷ್ಟು ಗಟ್ಟಿ? ಅದು ಅಶೋಕನ ಕಾಲದಿಂದ ಸುಮಾರು ಆರುನೂರು ವರ್ಷ ಈಚೆಗೆ ಈಗಿನ ರೂಪಕ್ಕೆ ಬಂದ ಗ್ರಂಥ. ಅದನ್ನು ಬರೆದ ಭಿಕ್ಷುಗಳಿಗೆ ತಮ್ಮ ಸಂಘದ ಮೂಲವನ್ನು ಒಬ್ಬ ಚಕ್ರವರ್ತಿಗೆ ಗಂಟುಹಾಕುವ ಆಸೆ ಸಹಜವಾಗಿಯೇ ಇತ್ತು. ಅದಕ್ಕಿಂತ ಮುಖ್ಯವಾಗಿ, ಲಂಕೆಯ ವಂಶಕಥೆಗಳು ಕಟ್ಟಿಕೊಡುವ ಅಶೋಕನನ್ನೂ ಬಂಡೆಗಳಲ್ಲಿ ಮಾತಾಡುವ ದೊರೆಯನ್ನೂ ಅಕ್ಕಪಕ್ಕ ನಿಲ್ಲಿಸಿದರೆ ಇಬ್ಬರೂ ಒಬ್ಬನೇ ಎನ್ನಲು ಧೈರ್ಯ ಬೇಕು. ಬಂಡೆಯ ದೊರೆಯ ಬದುಕು ಹೊರಳಿದ್ದು ಕಳಿಂಗ ಯುದ್ಧದಲ್ಲಿ: ಪಟ್ಟಾಭಿಷೇಕವಾಗಿ ಎಂಟು ವರ್ಷಕ್ಕೆ ನಡೆದ ಆ ಯುದ್ಧದಲ್ಲಿ ಒಂದೂವರೆ ಲಕ್ಷ ಜನ ಸೆರೆಯಾಗಿ ಹೋದರು, ಒಂದು ಲಕ್ಷ ಜನ ಸತ್ತರು ಎಂದು ಅವನೇ ಲೆಕ್ಕ ಕೊಟ್ಟು ಮರುಗುತ್ತಾನೆ. ಲಂಕೆಯ ಗ್ರಂಥಗಳಲ್ಲಿ ಕಳಿಂಗ ಯುದ್ಧದ ಸೊಲ್ಲೇ ಇಲ್ಲ. ಅಲ್ಲಿನ ಅಶೋಕ ತೊಂಬತ್ತೊಂಬತ್ತು ಅಣ್ಣತಮ್ಮಂದಿರನ್ನು ಕೊಂದು ಪಟ್ಟ ಏರಿದವನು. ಬಂಡೆಯ ದೊರೆಯಾದರೋ ಐದನೆಯ ಶಾಸನದಲ್ಲಿ ತನ್ನ ಅಣ್ಣತಮ್ಮಂದಿರ, ಅಕ್ಕತಂಗಿಯರ ಅಂತಃಪುರಗಳ ಯೋಗಕ್ಷೇಮಕ್ಕೆ ಅಧಿಕಾರಿಗಳನ್ನು ನೇಮಿಸುತ್ತಾನೆ. ಗ್ರಂಥದಲ್ಲಿ ಪಾಟಲಿಪುತ್ರದ ಮೂರನೆಯ ಬೌದ್ಧ ಸಂಗೀತಿ, ಲಂಕೆಗೆ ಹೋದ ಮಗ ಮಹೇಂದ್ರ ಎಲ್ಲವೂ ಇದೆ. ಬಂಡೆಗಳಲ್ಲಿ ಅವೆರಡರ ಹೆಸರೂ ಇಲ್ಲ. ಇಬ್ಬರ ಜೀವನಚರಿತ್ರೆಯನ್ನು ಹೆಸರು ಮುಚ್ಚಿ ಓದಿಸಿದರೆ ಯಾವ ಜಾಣ ಓದುಗನೂ ಇವರನ್ನು ಬೇರೆ ಬೇರೆ ವ್ಯಕ್ತಿಗಳೆಂದೇ ಹೇಳಿಯಾನು.

ಹಾಗಾಗಿ, ವಿಷ್ಣುಪುರಾಣವನ್ನು ಇಂಗ್ಲಿಷಿಗೆ ತಂದ ಸಂಸ್ಕೃತ ವಿದ್ವಾಂಸ ಎಚ್. ಎಚ್. ವಿಲ್ಸನ್ 1850ರ ಹೊತ್ತಿಗೆ ಪ್ರಿಯದರ್ಶಿಯೇ ಅಶೋಕ ಎಂಬುದನ್ನೂ, ಆ ದೊರೆ ಬೌದ್ಧ ಎಂಬುದನ್ನೂ ಸಂದೇಹಿಸಿದ್ದನ್ನು ಹಟಮಾರಿತನ ಎಂದು ತಳ್ಳಿಹಾಕಲಾಗದು. ಅವನ ಸಂದೇಹಕ್ಕೆ ಇನ್ನಷ್ಟು ಬಲ ಕೊಡಬಲ್ಲ ಸಂಗತಿಗಳೂ ಇವೆ. ಅಶೋಕನ ಮೊಮ್ಮಗನೆನ್ನಲಾದ ದಶರಥ ನಾಗಾರ್ಜುನಿ ಗುಹೆಗಳಲ್ಲಿ ತನ್ನನ್ನು ದೇವಾನಂಪಿಯ ಎಂದೇ ಕರೆದುಕೊಂಡಿದ್ದಾನೆ. ಎಂಟನೆಯ ಬಂಡೆಶಾಸನದ ಕೆಲವು ಪ್ರತಿಗಳಲ್ಲಿ ಹಿಂದಿನ ಅರಸರನ್ನೆಲ್ಲ ಒಟ್ಟಾಗಿ ದೇವಾನಂಪಿಯರು ಎಂದಿದೆ. ಇತ್ತ ಮುದ್ರಾರಾಕ್ಷಸ ನಾಟಕ ಪ್ರಿಯದರ್ಶನ ಎಂಬ ವಿಶೇಷಣವನ್ನು ಚಂದ್ರಗುಪ್ತನಿಗೇ ಕೊಟ್ಟಿದೆ. (ದೇವಾನಾಂಪ್ರಿಯ ಎಂದರೆ ಮೂರ್ಖ ಎಂದು ಮುಂದೆ ಸಂಸ್ಕೃತ ವೈಯಾಕರಣರು ಅರ್ಥ ಹೇಳಿದ್ದು ಬೇರೆಯೇ ಕಥೆ, ಒಂದು ಸಾಮ್ರಾಜ್ಯದ ಬಿರುದು ಬೈಗುಳವಾಗಲು ಎಷ್ಟು ಶತಮಾನ ಬೇಕೆಂದು ಯಾರಾದರೂ ಎಣಿಸಬೇಕು.) ಎರಡು ಬಿರುದುಗಳೂ ಮೌರ್ಯ ಮನೆತನದ ಪೆಟ್ಟಿಗೆಯೊಳಗಿನ ಉಡುಪುಗಳಾಗಿದ್ದರೆ, ಅವುಗಳನ್ನು ತೊಟ್ಟವನು ಅಶೋಕನೇ ಎನ್ನುವುದಕ್ಕೆ ಏನು ಆಧಾರ?

ಆಧಾರ ಬಂದದ್ದು ಯಾರೂ ನಿರೀಕ್ಷಿಸದ ದಿಕ್ಕಿನಿಂದ. ಗಿರ್ನಾರಿನ ಶಾಸನಗಳಲ್ಲಿ ಆಂಟಿಯೋಕಸ್, ಟಾಲೆಮಿ ಎಂಬ ಗ್ರೀಕ್ ಅರಸರ ಹೆಸರನ್ನು ಪ್ರಿನ್ಸೆಪ್ 1838ರಲ್ಲಿ ಗುರುತಿಸಿದ. ಮುಂದೆ ಹದಿಮೂರನೆಯ ಶಾಸನದ ಬೇರೆ ಪ್ರತಿಗಳಿಂದ ಪಟ್ಟಿ ಐದಕ್ಕೇರಿತು: ಸಿರಿಯದ ಅಂತಿಯೋಕ, ಈಜಿಪ್ಟಿನ ತುರಮಾಯ, ಮೆಸಿಡೋನಿಯದ ಅಂತಿಕಿನಿ, ಸೈರೀನಿನ ಮಕ, ಜೊತೆಗೆ ಅಲಿಕಸುದರ. ಈ ಐವರೂ ಏಕಕಾಲದಲ್ಲಿ ಆಳುತ್ತಿದ್ದದ್ದು ಕ್ರಿಸ್ತಪೂರ್ವ ಮೂರನೆಯ ಶತಮಾನದ ನಡುಭಾಗದ ಕೆಲವೇ ವರ್ಷ. ಇನ್ನೊಂದು ಕಡೆ, ಗ್ರೀಕರು ಸಾಂಡ್ರಕೋಟಸ್ ಎಂದು ಕರೆದವನೇ ಚಂದ್ರಗುಪ್ತ ಎಂದು ವಿಲಿಯಂ ಜೋನ್ಸ್ 1793ರಲ್ಲೇ ತೋರಿಸಿದ್ದ. ಅಲೆಕ್ಸಾಂಡರನ ದಂಡನಾಯಕ ಸೆಲ್ಯೂಕಸ್‌ನ ಸಮಕಾಲೀನನಾದವನ ಮೊಮ್ಮಗ ಎಲ್ಲಿ ಬರಬೇಕೋ ಸರಿಯಾಗಿ ಅಲ್ಲಿಯೇ ಬಂಡೆಯ ದೊರೆ ನಿಂತಿದ್ದ. ಆಂಟಿಯೋಕಸನ ಆಳ್ವಿಕೆಯ ವರ್ಷಗಳನ್ನು ಬರೆದಿಟ್ಟ ಗ್ರೀಕರಿಗೆ ಪ್ರಿಯದರ್ಶಿಯ ಗುರುತು ಹಿಡಿಯಬೇಕಾದ ಗರಜಿರಲಿಲ್ಲ. ದೀಪವಂಶ ಕಟ್ಟಿದ ಭಿಕ್ಷುಗಳಿಗೆ ಸೈರೀನಿನ ಮಾಗಸ್ ಯಾರೆಂದು ತಿಳಿದಿರಲು ಕಾರಣವಿಲ್ಲ. ಪರಸ್ಪರ ಮುಖಪರಿಚಯವೂ ಇಲ್ಲದ ಇಬ್ಬರು ಸಾಕ್ಷಿಗಳು ಒಂದೇ ಮನೆಯತ್ತ ಕೈ ತೋರಿಸಿದಾಗ ನ್ಯಾಯಾಧೀಶ ಕಿವಿ ನಿಮಿರಿಸಲೇಬೇಕು. 1840ರಲ್ಲಿ ಬೈರಾಟಿನ ಬಳಿ ಸಿಕ್ಕ ಭಾಬ್ರು ಶಾಸನ ಇದಕ್ಕೆ ಇನ್ನೊಂದು ಮೊಳೆ ಹೊಡೆಯಿತು: ಅಲ್ಲಿ ಪ್ರಿಯದರ್ಶಿ ತಾನು ಮಗಧದ ರಾಜ ಎನ್ನುತ್ತಾನೆ, ಬುದ್ಧ, ಧರ್ಮ, ಸಂಘಗಳಿಗೆ ತಲೆಬಾಗುತ್ತಾನೆ.

ಸುಳಿವು ಹೊಂದಿತು ಎಂಬ ಸಂತೋಷ ಎಷ್ಟು ಅಪಾಯಕಾರಿ ಎಂಬುದಕ್ಕೆ ಈ ಕಥೆಯಲ್ಲೇ ಒಂದು ನಿದರ್ಶನವಿದೆ, ಪಠ್ಯಪುಸ್ತಕಗಳು ಅದನ್ನು ಹೇಳುವುದಿಲ್ಲ. ಕಿರು ಬಂಡೆಶಾಸನಗಳಲ್ಲಿ 256 ಎಂಬ ಸಂಖ್ಯೆ ಬರುತ್ತದೆ. ಜರ್ಮನ್ ವಿದ್ವಾಂಸ ಬ್ಯೂಲರ್ 1877ರಲ್ಲಿ ಅದನ್ನು ಬುದ್ಧನ ನಿರ್ವಾಣದಿಂದ ಕಳೆದ ವರ್ಷಗಳೆಂದು ಓದಿದ. ಲಂಕೆಯ ಲೆಕ್ಕದಂತೆ ನಿರ್ವಾಣದ 218ನೇ ವರ್ಷಕ್ಕೆ ಪಟ್ಟ, ಆಮೇಲೆ 37 ವರ್ಷದ ಆಳ್ವಿಕೆ, ಕೂಡಿದರೆ 255. ಇದಕ್ಕಿಂತ ಚೆಂದದ ತಾಳೆ ಬೇಕೆ? ಆದರೆ ಆ 256 ವರ್ಷಗಳಲ್ಲ, ದೊರೆ ಸಂಚಾರದಲ್ಲಿ ಕಳೆದ ರಾತ್ರಿಗಳು ಎಂಬುದು ಈಗ ಬಹುಪಾಲು ಶಾಸನತಜ್ಞರು ಒಪ್ಪಿರುವ ಅರ್ಥ. ಅಂದರೆ ಪ್ರಿಯದರ್ಶಿ ಅಶೋಕ ಎಂಬ ನಿಜವಾದ ತೀರ್ಮಾನಕ್ಕೆ ಒಂದು ಸುಳ್ಳು ಪುರಾವೆಯೂ ಬಹಳ ಕಾಲ ಹೆಗಲು ಕೊಟ್ಟಿತ್ತು. ತೀರ್ಮಾನ ಸರಿಯಾದ ಮಾತ್ರಕ್ಕೆ ಅದರ ಹಿಂದಿನ ಲೆಕ್ಕವೂ ಸರಿಯಾಗಬೇಕಿಲ್ಲ.

ಈಗ ನಮ್ಮ ಸೀಮೆಗೆ ಬರೋಣ. ಬಿ. ಎಲ್. ರೈಸ್ 1892ರಲ್ಲಿ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಮೂರು ಕಿರು ಬಂಡೆಶಾಸನಗಳನ್ನು ಹುಡುಕಿದಾಗ ಮೌರ್ಯರ ಆಜ್ಞೆ ಇಷ್ಟು ದಕ್ಷಿಣಕ್ಕೆ ಬಂದಿತ್ತೆಂದು ಗೊತ್ತಾಯಿತು. ಆದರೆ ಅಲ್ಲಿಯೂ ದೊರೆ ದೇವಾನಂಪಿಯನೇ. 1915ರ ಜನವರಿಯಲ್ಲಿ, ಆಗ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಮಸ್ಕಿಯಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರನಿಗೆ ಬಂಡೆಯ ಮೇಲಿನ ಬರಹ ಕಂಡಿತು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಮೊದಲ ಸಾಲಿನಲ್ಲೇ ‘ದೇವಾನಂಪಿಯಸ ಅಸೋಕಸ’, ದೇವಾನಾಂಪ್ರಿಯನಾದ ಅಶೋಕನ ಎಂದಿತ್ತು. ಹಟ್ಟಿಯ ಚಿನ್ನದ ಸೀಮೆಯಲ್ಲಿ ಚಿನ್ನ ಹುಡುಕಲು ಹೋದವನಿಗೆ ಸಿಕ್ಕಿದ್ದು ಎರಡು ಪದ.

ಇಲ್ಲಿ ಸ್ವಲ್ಪ ನಿಧಾನಿಸಬೇಕು. ಮಸ್ಕಿಯ ಬಂಡೆ ಸೇರಿಸಿದ್ದು ದೇವಾನಂಪಿಯ ಮತ್ತು ಅಶೋಕ ಎಂಬ ಎರಡು ಪದಗಳನ್ನು. ಪ್ರಿಯದರ್ಶಿ ಎಂಬ ಮಾತು ಅಲ್ಲಿಲ್ಲ. ಕಟ್ಟುನಿಟ್ಟಾಗಿ ನೋಡಿದರೆ ಕಿರು ಬಂಡೆಶಾಸನ ಬರೆಸಿದವನು ಅಶೋಕ ಎಂದಷ್ಟೇ ಮಸ್ಕಿ ಸಾಬೀತು ಮಾಡುತ್ತದೆ. ಕಳಿಂಗಕ್ಕಾಗಿ ಮರುಗಿದ ಪ್ರಿಯದರ್ಶಿಯೂ ಅವನೇ ಎನ್ನಲು ಭಾಷೆ, ಧಾಟಿ, ಧರ್ಮ ಇವುಗಳ ಮೇಲೆ ಇನ್ನೊಂದು ಹೆಜ್ಜೆ ಊಹೆ ಬೇಕು. ಆ ಕೊಂಡಿ ಪೂರ್ತಿಯಾದದ್ದು 1954ರಲ್ಲಿ ಬೆಳಕಿಗೆ ಬಂದ ಮಧ್ಯಪ್ರದೇಶದ ಗುಜರ್ರಾ ಶಾಸನದಲ್ಲಿ: ಅಲ್ಲಿ ದೇವಾನಂಪಿಯ, ಪಿಯದಸಿ, ಅಶೋಕರಾಜ ಮೂರೂ ಒಟ್ಟಿಗೆ ಬರುತ್ತವೆ. ಹಾಗಾದರೆ ಮಸ್ಕಿಯ ಮಹತ್ವ ಕಡಿಮೆಯಾಯಿತೆ ಎಂದು ನಮ್ಮ ನಾಡಿನ ಅಭಿಮಾನಿಗಳು ಕೇಳಬಹುದು. ನನಗೆ ಹಾಗನಿಸುವುದಿಲ್ಲ. ಎಪ್ಪತ್ತೆಂಟು ವರ್ಷ ಕಾಗದದ ಮೇಲೆ ನಿಂತಿದ್ದ ಊಹೆಯನ್ನು, ಅದು ಹುಟ್ಟುವಾಗ ಅದರ ಅರಿವೇ ಇಲ್ಲದೆ ಪೊದೆಯ ಮರೆಯಲ್ಲಿ ಮಲಗಿದ್ದ ಬಂಡೆಯೊಂದು ಪರೀಕ್ಷಿಸಿತು. ಆ ಮೊದಲ ಸಾಲಿನಲ್ಲಿ ಬೇರೊಬ್ಬ ಮೌರ್ಯನ ಹೆಸರು ಇದ್ದಿದ್ದರೆ ಸ್ಮಿತ್‌ನ ಪುಸ್ತಕವೂ ಟರ್ನರ್‌ನ ಜಾಣತನವೂ ಒಂದೇ ದಿನದಲ್ಲಿ ರದ್ದಿಯಾಗುತ್ತಿದ್ದವು. ಸೋಲಬಹುದಾಗಿದ್ದ ಪರೀಕ್ಷೆಯಲ್ಲಿ ಗೆದ್ದದ್ದಕ್ಕೆ ಬೆಲೆ.

ಉಳಿಯುವ ಪ್ರಶ್ನೆ: ಬೇರೆಡೆ ಮುಚ್ಚಿಟ್ಟ ಹೆಸರನ್ನು ಇಲ್ಲಿ ಯಾಕೆ ಹೇಳಿದರು? ಹೆಸರಿರುವ ನಾಲ್ಕು ಶಾಸನಗಳಲ್ಲಿ ಮೂರು ಕರ್ನಾಟಕದವು. ಮಸ್ಕಿಯ ಜೊತೆಗೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೊಳ 1970ರ ದಶಕದ ಕೊನೆಯಲ್ಲಿ ಸೇರಿಕೊಂಡವು. ಪಾಟಲಿಪುತ್ರದಿಂದ ದೂರದ ಜನರಿಗೆ ಬಿರುದಷ್ಟೇ ಹೇಳಿದರೆ ಯಾವ ದೊರೆ ಎಂದು ತಿಳಿಯದೆಂದು ಮೌರ್ಯರ ದಕ್ಷಿಣದ ಆಡಳಿತ ಕೇಂದ್ರವಾದ ಸುವರ್ಣಗಿರಿಯ ಕಚೇರಿಯವರು ಹೆಸರು ಸೇರಿಸಿದರು ಎಂಬ ವಿವರಣೆ ಆಕರ್ಷಕ. ಆದರೆ ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರೆಂಬ ಅಧಿಕಾರಿಗಳಿಗೆ ಬಂದ ಆಜ್ಞೆ ಎಂದು ತಾನೇ ಹೇಳಿಕೊಳ್ಳುವ ಬ್ರಹ್ಮಗಿರಿಯ ಶಾಸನದಲ್ಲಿ ಹೆಸರಿಲ್ಲ, ಬಹುದೂರದ ಗುಜರ್ರಾದಲ್ಲಿ ಇದೆ. ಹೀಗಾಗಿ ಕಚೇರಿಯ ಕಟ್ಟಳೆಗಿಂತ ಆಯಾ ಊರಿನ ಲಿಪಿಕಾರರ ಕೈಚಳಕವನ್ನೇ ನಾನು ಹೆಚ್ಚು ನಂಬುತ್ತೇನೆ. ಬ್ರಹ್ಮಗಿರಿಯ ಲಿಪಿಕಾರ ಚಪಡ ತನ್ನ ಹೆಸರು ಕೊರೆದು, ಲಿಪಿಕಾರ ಎಂಬ ಪದವನ್ನು ಮಾತ್ರ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ದೊರೆಯ ಹೆಸರಿಲ್ಲದ ಬಂಡೆಯ ಮೇಲೆ ಗುಮಾಸ್ತನ ಹೆಸರು ಉಳಿದುಕೊಂಡಿದೆ.

ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿ ಕನಗನಹಳ್ಳಿಯ ಸ್ತೂಪವನ್ನು 1990ರ ದಶಕದಲ್ಲಿ ಅಗೆದಾಗ ಒಂದು ಫಲಕ ಸಿಕ್ಕಿತು: ದೊರೆ, ಪಕ್ಕದಲ್ಲಿ ರಾಣಿ, ಸುತ್ತ ಪರಿಚಾರಿಕೆಯರು. ಅಶೋಕನ ಕಾಲಕ್ಕಿಂತ ಬಹಳ ಈಚಿನ ಶಿಲ್ಪ; ಕೆತ್ತಿದವನು ಅವನ ಮುಖ ಕಂಡಿರಲಿಲ್ಲ. ನೆರಳು ಹಿಡಿದ ಹೆಂಗಸರ ನಡುವೆ ನಿಂತ ಈ ಅರಸ ಶಾತವಾಹನನೂ ಆಗಬಹುದಿತ್ತು, ಜಾತಕ ಕಥೆಯ ಯಾವನೋ ದೊರೆಯೂ ಆಗಬಹುದಿತ್ತು. ಅದು ಶಿಲ್ಪಿಗೂ ಗೊತ್ತಿದ್ದಿರಬೇಕು, ಫಲಕದ ಮೇಲೆ ಬ್ರಾಹ್ಮಿಯಲ್ಲಿ ‘ರಾಯ ಅಸೋಕ’ ಎಂದು ಬರೆದಿದ್ದಾರೆ.